ಸಾರಿನಲ್ಲಿ ಸಿಕ್ಕ ಹುಳ

ಚನ್ನರಾಯನದುರ್ಗ
2-12-2024

ಶ್ರೀ ಅಂಜನ್ ಕುಮಾರ್ ಸಾಹೇಬರಿಗೆ, ಬೀದರ್.

ನಾನು ಬೈಲಪ್ಪ. ಬೋರನಪಾಳ್ಯದ ಸರ್ಕಾರಿ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವನು. ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ನೀವು ಉಂಡದ್ದು ನನ್ನ ಕೈ ಅಡುಗೆಯನ್ನು. ಮೊದಲು ಫೋನು ಮಾಡಿದೆ. ನಿಮ್ಮ ಕಡೆಯ ಹೆಣ್ಣುಮಗಳೊಬ್ಬಳು, "ಸರ್ ಬಿಜಿ ಇದಾರೆ, ಏನಿದ್ರೂ ಬರೆದು ಕಳಿಸಿ" ಅಂದಳು. ಒಳ್ಳೆಯದೇ ಆಯಿತು. ದಾಸ್ತಾನು ಪುಸ್ತಕ ಬರೆದು ಪಳಗಿದ ಕೈ ನನ್ನದು, ಮಾತಿಗಿಂತ ಬರವಣಿಗೆ ಸಲೀಸು.

ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಅನುಷಾ ಕೊರಟಗೆರೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅವಳ ಅಪ್ಪ ಅಮ್ಮ ತುಮಕೂರಿನ ಗಾರ್ಮೆಂಟ್ಸಿನಲ್ಲಿ ದುಡಿಯುತ್ತಾರೆ, ಅವಳು ನನ್ನ ಜೊತೆ ಇದ್ದಾಳೆ. ಹೋದ ವಾರ ಅವಳ ಕಾಲೇಜಿನಲ್ಲಿ 'ಸ್ಫೂರ್ತಿ ದಿನ' ಅಂತ ಮಾಡಿ, ಪರದೆ ಕಟ್ಟಿ ನಿಮ್ಮ ಭಾಷಣದ ವಿಡಿಯೊ ಹಾಕಿದರಂತೆ. ನಮ್ಮ ಕಾಲೊನಿಯ ಗುಡಿಸಲಲ್ಲಿ ಹುಟ್ಟಿದವನು ದೊಡ್ಡ ಆಫೀಸರ್ ಆದ ಕಥೆ. ಮುನ್ನೂರು ಮಕ್ಕಳು ಕೂತು ನೋಡಿದ್ದಾರೆ. ಅನುಷಾಳ ಫೋನಿನಲ್ಲಿ ನಾನೂ ನೋಡಿದೆ. ನೀವು ಹೇಳಿದ ಮಾತು ಹೀಗಿದೆ:

"ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಒಂದು ತಿಂಗಳಿತ್ತು. ನನ್ನ ತಟ್ಟೆಯ ಸಾರಿನಲ್ಲಿ ಬೆರಳುದ್ದದ ಹುಳ. ಎಳೆದೆ, ಬಂತು, ಬರುತ್ತಲೇ ಇತ್ತು. ಅಲ್ಲೇ ವಾಂತಿ ಮಾಡಿದೆ. ಬೈಲಪ್ಪ ಅಂತ ಒಬ್ಬ ಅಡುಗೆಯವನಿದ್ದ. ನಮ್ಮ ಅಕ್ಕಿ ಕದ್ದು ಹೊರಗೆ ಸಾಗಿಸಿ, ನಮಗೆ ಹುಳ ಬಡಿಸುತ್ತಿದ್ದ. ಇಂಥವರ ಕೈಯಲ್ಲಿ ನಾನು ಇನ್ನು ಉಣ್ಣುವುದಿಲ್ಲ ಎಂದು ಅವತ್ತು ಶಪಥ ಮಾಡಿದೆ."

ಮುನ್ನೂರು ಬಾಯಿ ಒಟ್ಟಿಗೆ "ಛೀ" ಅಂದವಂತೆ. ಅನುಷಾ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ತಾತ, ಆ ಬೈಲಪ್ಪ ಅಂದ್ರೆ ನೀನೇನಾ?" ಅಂತ ಕೇಳಿದಳು. ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಸುಮ್ಮನೆ ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡೆ. ಅವಳು ಅದನ್ನು ನೋಡಿದಳು.

ನಿಮ್ಮ ಏಳಿಗೆ ಕಂಡು ನನಗೆ ಸಂತೋಷವಿದೆ. ನನ್ನದು ಒಂದೇ ಕೋರಿಕೆ. ಆ ಭಾಷಣದಿಂದ ನನ್ನ ಹೆಸರು ತೆಗೆಸಿ. 'ಒಬ್ಬ ಅಡುಗೆಯವನು' ಅಂದರೂ ಕಥೆಗೆ ಏನೂ ಕೊರತೆಯಾಗುವುದಿಲ್ಲ.

ನಿಮ್ಮವ್ವ ಸಣ್ಣಕ್ಕನನ್ನು ಕೇಳಿದೆ ಅನ್ನಿ. ಚೆನ್ನಾಗಿರಲಿ.

ನಿಮಗೆ ಬಡಿಸಿದವನು,
ಬೈಲಪ್ಪ


ಬೀದರ್
19-12-2024

ಪ್ರಿಯ ಸ್ಪರ್ಧಾರ್ಥಿ ಮಿತ್ರರೇ,

ನಿಮ್ಮ ಪತ್ರ ತಲುಪಿದೆ. ನಿಮ್ಮಂಥ ಸಾವಿರಾರು ಯುವ ಮನಸ್ಸುಗಳ ಪ್ರೀತಿಯೇ ನನ್ನ ಶಕ್ತಿ. ಗುಡಿಸಲಿನಲ್ಲಿ ಹುಟ್ಟುವುದು ನಮ್ಮ ಕೈಯಲ್ಲಿಲ್ಲ, ಗುಡಿಸಲಿನಲ್ಲೇ ಉಳಿಯುವುದು ನಮ್ಮ ಕೈಯಲ್ಲಿದೆ. ದಿನಕ್ಕೆ ಹದಿನಾಲ್ಕು ಗಂಟೆ ಓದಿ. ಮೊಬೈಲು ದೂರವಿಡಿ. ನನ್ನ ಪುಸ್ತಕ 'ಹುಳ ಉಂಡ ಹುಡುಗ' ಈಗ ಏಳನೆಯ ಮುದ್ರಣದಲ್ಲಿದೆ. ಈ ಪತ್ರದ ಜೊತೆಗಿರುವ ಚೀಟಿ ತೋರಿಸಿದರೆ ನಿಮಗೆ ರಿಯಾಯಿತಿ ದೊರೆಯುತ್ತದೆ.

ನಿಮ್ಮ ಕನಸು ನನಸಾಗಲಿ.

ಅಂಜನ್ ಕುಮಾರ್, ಕೆ.ಎ.ಎಸ್.
(ಮುದ್ರಿತ ಸಹಿ)


ಚನ್ನರಾಯನದುರ್ಗ
26-12-2024

ಸಾಹೇಬರೇ,

ನಿಮ್ಮ ಅಚ್ಚಾದ ಕಾಗದ ಬಂತು. ನನಗೆ ಎಪ್ಪತ್ತು ತುಂಬಿದೆ, ಮಂಡಿ ನೋವು, ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ. ದಿನಕ್ಕೆ ಹದಿನಾಲ್ಕು ಗಂಟೆ ಯಾವ ಪರೀಕ್ಷೆಗೆ ಓದಲಿ? ಚಟ್ಟ ಕಟ್ಟುವವರು ಏನಾದರೂ ಇಂಟರ್‌ವ್ಯೂ ಮಾಡುತ್ತಾರೆಯೇ?

ರಿಯಾಯಿತಿ ಚೀಟಿಯನ್ನು ಒಲೆಗೆ ಹಾಕಿದೆ. ಆದರೂ ಪುಸ್ತಕ ಮನೆಗೆ ಬಂತು, ಅನುಷಾಳ ಗೆಳತಿ ಕೊಟ್ಟಳಂತೆ. ರಟ್ಟಿನ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಸಾರು, ಸಾರಿನಲ್ಲಿ ದಪ್ಪನೆಯ ಹಸಿರು ಹುಳ. ಆ ಚಿತ್ರ ಬರೆದವನು ಹಾಸ್ಟೆಲು ಕಂಡವನಲ್ಲ. ಹಸಿರು ಹುಳ ಎಲೆಕೋಸಿನಲ್ಲಿರುತ್ತದೆ. ನಿಮಗೆ ಎಲೆಕೋಸು ತಂದು ಹಾಕುವಷ್ಟು ಧಾರಾಳ ಸರ್ಕಾರ ಅವತ್ತು ಎಲ್ಲಿತ್ತು? ನೋಡಿ ಹೇಸಿಗೆಯಾಯಿತು, ಹುಳಕ್ಕಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಕ್ಕಿಯಲ್ಲಿ ಹುಳ ಇದ್ದದ್ದು ದಿಟ. ಶಿರಾದಿಂದ ಬರುತ್ತಿದ್ದ ಮೂಟೆಯ ಬಾಯಿ ಬಿಚ್ಚಿದರೆ ಅಕ್ಕಿಗಿಂತ ಮುಂಚೆ ಹುಳವೇ ಈಚೆಗೆ ನಡೆದು ಬರುತ್ತಿತ್ತು. ನಾನೂ ನನ್ನ ಹೆಂಡತಿಯೂ ಬೆಳಗಿನ ಜಾವ ಕೂತು ಕೇರಿ, ಬಿಸಿಲಿಗೆ ಹರವಿ, ನಾಲ್ಕು ನೀರಿನಲ್ಲಿ ತೊಳೆಯುತ್ತಿದ್ದೆವು. ಅಕ್ಕಿ ಹೊರಗೆ ಹೋದದ್ದೂ ದಿಟ. ಎಲ್ಲಿಗೆ ಅಂತ ಕೇಳಬೇಡಿ. ನಾನು ಮಾರಿಕೊಳ್ಳಲಿಲ್ಲ, ನನ್ನ ಮನೆಗೂ ಒಯ್ಯಲಿಲ್ಲ. ಇಷ್ಟು ಸಾಕು.

ಈಗ ಮನೆಯ ಸ್ಥಿತಿ ಕೇಳಿ. ಅನುಷಾ ನನ್ನ ಕೈ ಊಟ ಬಿಟ್ಟಿದ್ದಾಳೆ. ಜಗಳವಿಲ್ಲ, ಮಾತಿಲ್ಲ. ಬೆಳಿಗ್ಗೆ ಎದ್ದು ತನ್ನ ಪಾಲಿಗೆ ಅವಲಕ್ಕಿ ನೆನೆಸಿಕೊಳ್ಳುತ್ತಾಳೆ, ಸಂಜೆ ಬ್ರೆಡ್ಡು ತಂದುಕೊಳ್ಳುತ್ತಾಳೆ. ಮೊನ್ನೆ ಅವರೆಕಾಳು ಸಾರು ಮಾಡಿ, "ಬಾರಮ್ಮ, ಬಿಸಿಯಾಗಿದೆ" ಅಂದೆ. "ಹಸಿವಿಲ್ಲ ಬುಡು ತಾತ" ಅಂದಳು. ಮೂವತ್ತೊಂದು ವರ್ಷ ಊರ ಮಕ್ಕಳಿಗೆ ಬಡಿಸಿದವನ ಮನೆಯಲ್ಲಿ ಒಂದು ಮಗು ತಟ್ಟೆ ಹಿಡಿಯುವುದಿಲ್ಲ ಅಂದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ನಿಮ್ಮ ಪುಸ್ತಕದಲ್ಲಿ ಬರೆದಿಲ್ಲ.

ಹೆಸರು ತೆಗೆಸಿ. ಈ ಸಲವಾದರೂ ಅಚ್ಚಿನ ಕಾಗದ ಕಳಿಸಬೇಡಿ.

ಬೈಲಪ್ಪ


ಬೀದರ್
8-1-2025

ಬೈಲಪ್ಪನವರೇ,

ನಿಮ್ಮ ಎರಡೂ ಪತ್ರಗಳನ್ನು ನನ್ನ ಸಿಬ್ಬಂದಿ ಈಗ ತೋರಿಸಿದರು. ಇದನ್ನು ಸ್ವಂತ ಕೈಯಿಂದ ಬರೆಯುತ್ತಿದ್ದೇನೆ.

ನೀವು ಹಸಿವಿನ ಬಗ್ಗೆ ನನಗೆ ಪಾಠ ಹೇಳಬೇಕಾಗಿಲ್ಲ. ರಾತ್ರಿ ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದವನು ನಾನು. ಶನಿವಾರ, ಭಾನುವಾರ ತಟ್ಟೆಗೆ ಬೀಳುತ್ತಿದ್ದ ಅನ್ನ ಇನ್ನೂ ಕಡಿಮೆ. ಅಕ್ಕಿ ಹೊರಗೆ ಹೋಗುತ್ತಿತ್ತು ಎಂದು ನೀವೇ ಒಪ್ಪಿದ್ದೀರಿ. ಅಂದಮೇಲೆ ನಾನು ಹೇಳಿದ್ದರಲ್ಲಿ ಸುಳ್ಳೆಲ್ಲಿದೆ? ಎಲ್ಲಿಗೆ ಹೋಯಿತು ಎಂದು ಹೇಳಲಾರಿರಿ, ಏಕೆಂದರೆ ಹೇಳುವಂತಿಲ್ಲ. ನಾನು ಸರ್ಕಾರಿ ನೌಕರಿಯಲ್ಲಿ ಇಂಥ ಉತ್ತರಗಳನ್ನು ದಿನಾ ಓದುತ್ತೇನೆ.

ಆದರೂ ನನ್ನಲ್ಲಿ ದ್ವೇಷವಿಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆ. ಫೆಬ್ರವರಿ 9ರಂದು ಮಧುಗಿರಿಯಲ್ಲಿ ನನಗೆ ಸಾರ್ವಜನಿಕ ಅಭಿನಂದನೆ ಇದೆ. ನೀವು ವೇದಿಕೆಗೆ ಬನ್ನಿ. ಎಲ್ಲರ ಎದುರಿನಲ್ಲಿ ನಿಮ್ಮನ್ನು ಅಪ್ಪಿಕೊಂಡು ಕ್ಷಮಿಸುತ್ತೇನೆ. ನೀವು ಎರಡು ಮಾತಿನಲ್ಲಿ ಪಶ್ಚಾತ್ತಾಪ ಹೇಳಿದರೆ ಸಾಕು. ಯುವಜನರಿಗೆ ದೊಡ್ಡ ಸಂದೇಶವಾಗುತ್ತದೆ. ನಿಮ್ಮ ಪತ್ರದ ಹಿಂದಿನ ಉದ್ದೇಶವೂ ನನಗೆ ಅರ್ಥವಾಗಿದೆ. ನಿಮ್ಮ ಮೊಮ್ಮಗಳಿಗೆ ನಮ್ಮ ತರಬೇತಿ ಕೇಂದ್ರದಲ್ಲಿ ಉಚಿತ ಸೀಟಿನ ಪತ್ರವನ್ನು ಅವಳ ಹೆಸರಿಗೇ ಕಳಿಸಿದ್ದೇನೆ.

ಅವ್ವ ಕ್ಷೇಮ. ಇಲ್ಲಿನ ಜೋಳದ ರೊಟ್ಟಿ ಹಿಡಿಸುವುದಿಲ್ಲ, ಮುದ್ದೆ ಮುದ್ದೆ ಅನ್ನುತ್ತಾಳೆ. ನಿಮ್ಮ ವಿಷಯ ಬಂದರೆ, "ಬೈಲಪ್ಪಣ್ಣನ್ನ ಅಂಗನ್ಬೇಡ ಕಣ್ಲಾ" ಅಂತ ನನ್ನ ಬಾಯಿ ಮುಚ್ಚಿಸುತ್ತಾಳೆ. ಅವಳು ಮುಗ್ಧೆ. ಅಪ್ಪ ಕ್ವಾರಿಯಲ್ಲಿ ಸತ್ತ ಮೇಲೂ ಒಬ್ಬರ ಮುಂದೆ ಸೆರಗೊಡ್ಡದೆ ನನ್ನ ಇಬ್ಬರು ತಂಗಿಯರನ್ನು ಸಾಕಿದವಳು. 'ನಮ್ಮವ್ವ ದುಡಿಯದ ಅನ್ನ ಮುಟ್ಟಲಿಲ್ಲ' ಎಂಬ ಮಾತಿನಿಂದಲೇ ನನ್ನ ಪ್ರತಿ ಭಾಷಣ ಮುಗಿಯುವುದು. ಇಂಥ ತಾಯಿಯ ಮಗ ನಾನು. ನಿಮ್ಮಂಥವರನ್ನು ಕ್ಷಮಿಸುವುದು ಅವಳಿಂದ ಕಲಿತದ್ದು.

ಅಂಜನ್ ಕುಮಾರ್


ಚನ್ನರಾಯನದುರ್ಗ
14-1-2025

ಅಂಜನಪ್ಪಾ,

ಇವತ್ತು ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಂತೆ. ಬಾಯಿಗೆ ಬೆಲ್ಲ ಹಾಕಿಕೊಂಡೇ ಬರೆಯುತ್ತಿದ್ದೇನೆ, ಆದರೂ ಕಹಿ ಹೋಗುತ್ತಿಲ್ಲ.

ಕ್ಷಮಿಸುತ್ತೀಯಾ? ವೇದಿಕೆಯ ಮೇಲೆ, ಮೈಕಿನ ಮುಂದೆ, ಹಾರ ಹಾಕಿಕೊಂಡು? ನಿನ್ನ ಕಾಗದ ಓದಿ ನನಗೆ ನಿಜವಾಗಿ ಓಕರಿಕೆ ಬಂತು, ಎದ್ದು ಹೋಗಿ ಬಚ್ಚಲಿನಲ್ಲಿ ಬಾಯಿ ಮುಕ್ಕಳಿಸಿದೆ. ಏರಿದ ಮೇಲೆ ಏಣಿ ಒದೆಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಒದ್ದ ಏಣಿಯನ್ನು ಕರೆಸಿ, ಅದರ ಕೈಲಿ ತಪ್ಪಾಯಿತು ಅನ್ನಿಸುವವನನ್ನು ಈಗ ಕಂಡೆ.

ಸೀಟಿನ ಆಸೆಗೆ ಬರೆದೆ ಅಂದುಕೊಂಡೆಯಲ್ಲ, ಅದೂ ಇರಲಿ. ಆ ಸೀಟಿನ ಕಾಗದ ಅನುಷಾಳ ಕೈ ಸೇರಿದೆ. ಒಂದೂವರೆ ತಿಂಗಳಿಂದ ಸರಿಯಾಗಿ ಮಾತಾಡದವಳು ನಿನ್ನೆ ಬಂದು ಪಕ್ಕದಲ್ಲಿ ಕೂತಳು. "ತಾತ, ಅವರು ಎಷ್ಟು ದೊಡ್ಡ ಮನ್ಸರು ನೋಡು. ನೀನು ಮಧುಗಿರಿಗೆ ಹೋಗಿ, ಒಂದ್ಸಲ ತಪ್ಪಾಯ್ತು ಅಂದ್ಬುಡು. ಆಮೇಲೆ ಯಾರೂ ಆಡ್ಕಳಲ್ಲ" ಅಂದಳು. ಎಷ್ಟು ಮೃದುವಾಗಿ ಹೇಳಿದಳು ಅಂದರೆ, ಬೈದಿದ್ದರೆ ವಾಸಿಯಿತ್ತು ಅನ್ನಿಸಿತು.

ನಾನು ಬರುವುದಿಲ್ಲ. ನೀನು ಬುದ್ಧಿವಂತ, ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದವನು. ತಂಗಿಯರು ಏನು ಉಂಡು ಬೆಳೆದರು ಅನ್ನುವ ಲೆಕ್ಕ ಮಾತ್ರ ಒಂದು ದಿನವೂ ಹಾಕಲಿಲ್ಲವಲ್ಲ. ಶನಿವಾರ ಶನಿವಾರ ನಿಮ್ಮವ್ವ ಯಾರಿಗೆ ಹುಣಸೆಹಣ್ಣು ಬಿಡಿಸುತ್ತಿದ್ದಳು ಅಂತ ಅವಳನ್ನೇ ಕೇಳು. ಬೇಡ, ಕೇಳಬೇಡ. ಬರೆದದ್ದು ತಪ್ಪಾಯಿತು, ಹೊಡೆದು ಹಾಕೋಣವೆಂದರೆ ಕಾಗದ ಹಾಳಾಗುತ್ತದೆ.

ಬೈಲಪ್ಪ


ಬೀದರ್
20-1-2025

ಬೈಲಪ್ಪನವರಿಗೆ,

ನನ್ನ ತಾಯಿಯ ಹೆಸರನ್ನು ಇದರಲ್ಲಿ ಎಳೆಯಬೇಡಿ. ನಿಮ್ಮ ಮಾತಿನ ಧ್ವನಿ ನನಗೆ ಸರಿ ಕಾಣಲಿಲ್ಲ. ಅವಳು ಯಾರಿಗೆ ಕೂಲಿ ಮಾಡಿದರೂ ಮರ್ಯಾದೆಯಿಂದ ಮಾಡಿದ್ದಾಳೆ.

2000ನೇ ಇಸವಿಯ ನಿಮ್ಮ ಅಮಾನತು ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತರಿಸಿಕೊಂಡಿದ್ದೇನೆ. ನಿಮ್ಮ ತಪ್ಪೊಪ್ಪಿಗೆಯೂ ಅದರಲ್ಲಿದೆ, ನಿಮ್ಮದೇ ಅಕ್ಷರದಲ್ಲಿ. ನೀವು ಮಧುಗಿರಿಗೆ ಬಂದರೆ ಅಪ್ಪುಗೆ. ಬಾರದಿದ್ದರೆ ಅದನ್ನು ಪರದೆಯ ಮೇಲೆ ತೋರಿಸಬೇಕಾಗುತ್ತದೆ. ನಿಮ್ಮ ಮೊಮ್ಮಗಳು ಬರುತ್ತೇನೆಂದು ತಿಳಿಸಿದ್ದಾಳೆ.

ಅಂಜನ್ ಕುಮಾರ್, ಕೆ.ಎ.ಎಸ್.


ಚನ್ನರಾಯನದುರ್ಗ
25-1-2025

ಅಂಜನ್,

ಇಪ್ಪತ್ತೈದು ವರ್ಷ ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದೇನೆ. ಓದಿ ಸುಟ್ಟುಬಿಡು.

ನಿಮ್ಮಪ್ಪ ಕ್ವಾರಿಯ ಬಂಡೆಯ ಕೆಳಗೆ ಹೋದ ವರ್ಷ ನೀನು ಎಂಟನೇ ಕ್ಲಾಸಿಗೆ ಸೇರಿದೆ. ಒಂದು ಶನಿವಾರ ನಿಮ್ಮವ್ವ ಹಾಸ್ಟೆಲಿನ ಹಿಂದಿನ ಬಾಗಿಲಿಗೆ ಬಂದಳು. ಸೊಂಟದಲ್ಲಿ ಚಿಕ್ಕ ಮಗಳು, ಕೈಯಲ್ಲಿ ದೊಡ್ಡವಳು. ಎರಡಕ್ಕೂ ಕಣ್ಣು ಒಳಗೆ ಹೋಗಿದ್ದವು. ನಾನು ಮಿಕ್ಕಿದ ಅನ್ನ ತಂದು ಕೊಡಲು ಹೋದೆ. ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋದಳು. "ಬೇಡ್ಕೊಂಡು ತಿನ್ನೋ ಮನೆ ಅಲ್ಲ ಕಣಣ್ಣ ನಮ್ದು. ಕೆಲ್ಸ ಇದ್ರೆ ಕೊಡು, ಇಲ್ದಿದ್ರೆ ಬುಡು" ಅಂದಳು. ಆ ಮಕ್ಕಳು ತಟ್ಟೆಯನ್ನೇ ನೋಡುತ್ತಿದ್ದವು.

ಹಾಸ್ಟೆಲಿಗೆ ಬೀಜವಿರುವ ಹುಣಸೆಹಣ್ಣು ಬರುತ್ತಿತ್ತು. ಕುಟ್ಟಿ, ಬೀಜ ನಾರು ತೆಗೆಯುವುದು ನನ್ನದೇ ಕೆಲಸ. ಅದನ್ನು ಅವಳಿಗೆ ಕೊಟ್ಟೆ. "ಸರ್ಕಾರದಿಂದ ಕೂಲಿ ಬರ್ತದೆ ಕಣಮ್ಮ, ಅಕ್ಕಿ ರೂಪದಲ್ಲಿ" ಅಂತ ಹಸಿ ಸುಳ್ಳು ಹೇಳಿದೆ. ಅವಳು ನಂಬಿದಳು. ವಾರಕ್ಕೊಂದು ಬುಟ್ಟಿ ಹುಣಸೆ ಬಿಡಿಸಿ ತರುತ್ತಿದ್ದಳು, ಮೂರು ಸೇರು ಅಕ್ಕಿ ಒಯ್ಯುತ್ತಿದ್ದಳು. ಒಯ್ಯುವಾಗ ಎಷ್ಟು ತಲೆ ಎತ್ತಿ ನಡೆಯುತ್ತಿದ್ದಳು ಅಂದರೆ, ನನಗೆ ಆ ಸುಳ್ಳಿನ ಮೇಲೆ ಪ್ರೀತಿಯೇ ಬಂತು. ಮೂರು ವರ್ಷ ಹೀಗೆ ನಡೆಯಿತು.

ಶನಿವಾರ, ಭಾನುವಾರ ನಿನ್ನ ತಟ್ಟೆಯಲ್ಲಿ ಕಡಿಮೆಯಾದ ಅನ್ನ ನಿನ್ನ ತಂಗಿಯರ ತಟ್ಟೆಯಲ್ಲಿತ್ತು ಕಣಪ್ಪ. ಉಳಿದ ಐವತ್ತೊಂಬತ್ತು ಮಕ್ಕಳ ತುತ್ತೂ ಮುರಿದೆ, ಅದು ತಪ್ಪೇ. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆ ಇದೆ. ಪಾವಗಡ ಕಡೆಯ ವಾರ್ಡನ್ ದೊಡ್ಡರಂಗಪ್ಪ ಒಂದು ದಿನ ಮೂಟೆ ತೂಗಿಸಿ, "ಏಮಯ್ಯಾ ಬೈಲಪ್ಪಾ, ಬಿಯ್ಯಂ ಎಕ್ಕಡ ಪೋಯಿಂದಿ?" ಅಂದರು. ಅಕ್ಕಿ ಎಲ್ಲಿ ಹೋಯಿತು ಅಂತ ಹೇಳಿದ್ದರೆ ನಿಮ್ಮವ್ವನನ್ನು ಸ್ಟೇಷನ್ನಿಗೆ ಕರೆಸುತ್ತಿದ್ದರು, ನಿನ್ನನ್ನು ಹಾಸ್ಟೆಲಿನಿಂದ ಬಿಡಿಸುತ್ತಿದ್ದರು. ನಾನೇ ಕದ್ದೆ ಅಂತ ಬರೆದುಕೊಟ್ಟೆ. ಆರು ತಿಂಗಳು ಮನೆಯಲ್ಲಿ ಕೂತೆ. ನೀನು ತರಿಸಿಕೊಂಡ ಕಾಗದ ಅದೇ.

ಇನ್ನು ನಿನ್ನ ಹುಳ. ನೀನು ವಾಂತಿ ಮಾಡಿದ ಮೇಲೆ ಆ ತಟ್ಟೆ ಬಳಿದವನು ನಾನು. ಅದು ಹುಣಸೆಯ ನಾರು. ಉದ್ದದ್ದು, ಕಂದು ಬಣ್ಣದ್ದು, ಸಾರಿನಲ್ಲಿ ಬೆಂದು ಮೆತ್ತಗಾಗಿತ್ತು. ಯಾವ ಕೈ ಅದನ್ನು ಬಿಡಿಸದೆ ಬಿಟ್ಟಿತ್ತು ಅಂತ ನಾನು ಬರೆಯಬೇಕಾಗಿಲ್ಲ.

ಇದನ್ನೆಲ್ಲ ಅನುಷಾಗೆ ನಾನು ಹೇಳಲಾರೆ. ಸಿಕ್ಕಿಬಿದ್ದ ಮುದುಕನ ಕಟ್ಟುಕಥೆ ಅಂದುಕೊಳ್ಳುತ್ತಾಳೆ, ಇಲ್ಲವೇ ನಂಬಿ ಇಡೀ ಕಾಲೊನಿಗೆ ಹೇಳುತ್ತಾಳೆ. ನೀನು ಹೇಳಿದರೆ ಕಾರಣ ಕೇಳದೆ ನಂಬುತ್ತಾಳೆ. 'ನಿನ್ನ ತಾತ ಕಳ್ಳನಲ್ಲ' ಅಂತ ಅವಳಿಗೆ ಒಂದು ಸಾಲು ಬರೆ. ಅವಳು ನನ್ನ ಮನೆಯಲ್ಲಿ ಉಂಡರೆ ಸಾಕು, ನನಗೆ ಬೇರೆ ಏನೂ ಬೇಡ.

ನಿಮ್ಮವ್ವನಿಗೆ ಮಾತ್ರ ತಿಳಿಯಬಾರದು. ದುಡಿದು ಉಂಡೆ ಅನ್ನುವ ಒಂದೇ ಆಸ್ತಿ ಅವಳದ್ದು. ಕೈ ಮುಗಿದು ಕೇಳುತ್ತೇನೆ.

ಬೈಲಪ್ಪ


ಬೀದರ್
24-2-2025

ಪ್ರೀತಿಯ ಬೈಲಪ್ಪ ಮಾಮ,

ತಡವಾಗಿ ಬರೆಯುತ್ತಿದ್ದೇನೆ, ಒಂದು ಕ್ಷಣ ಬಿಡುವಿಲ್ಲ. ನಿಮ್ಮ ಪತ್ರ ಓದಿ ಮೂರು ದಿನ ಅತ್ತೆ. ನಾಲ್ಕನೆಯ ದಿನ ಅನ್ನಿಸಿತು, ಇಂಥ ಕಥೆಯನ್ನು ಬಚ್ಚಿಡುವ ಹಕ್ಕು ನನಗಿಲ್ಲ.

ಮಧುಗಿರಿಯಲ್ಲಿ ನಿಮ್ಮ ಪತ್ರವನ್ನು ಎಲ್ಲರ ಎದುರಿನಲ್ಲಿ ಓದಿದೆ. ನೀವು ನೋಡಬೇಕಿತ್ತು! ಐದು ಸಾವಿರ ಜನ, ಒಂದು ಸದ್ದಿಲ್ಲ. 'ನಾನು ಕದ್ದ ಅಕ್ಕಿಯ ಋಣದಲ್ಲಿ ಬೆಳೆದವನು' ಅಂದಾಗ ಮೊದಲ ಸಾಲಿನ ಗಣ್ಯರೆಲ್ಲ ಕಣ್ಣೊರೆಸಿಕೊಂಡರು. ವಿಡಿಯೊ ಎರಡು ವಾರದಲ್ಲಿ ಹನ್ನೊಂದು ಲಕ್ಷ ಜನರನ್ನು ತಲುಪಿದೆ. ಅನುಷಾ ವೇದಿಕೆಗೆ ಓಡಿ ಬಂದು ನನ್ನ ಕಾಲಿಗೆ ಬಿದ್ದು ಅತ್ತಳು. ನಿಮಗೆ ಬೇಕಾಗಿದ್ದು ಒಂದು ಸಾಲು, ನಾನು ಇಡೀ ನಾಡಿಗೆ ನಿಮ್ಮ ಹೆಸರು ಸಾರಿದ್ದೇನೆ. ನಿಮಗೆ ಹೊದಿಸಬೇಕಾಗಿದ್ದ ಶಾಲನ್ನು ಅವಳ ಕೈಗೇ ಕೊಟ್ಟಿದ್ದೇನೆ.

ಹುಳದ ಪ್ರಸಂಗವನ್ನು ಮಾತ್ರ ಹಾಗೇ ಉಳಿಸಿಕೊಂಡೆ, ಪತ್ರದ ಆ ಭಾಗ ಓದಲಿಲ್ಲ. ಪುಸ್ತಕದ ಹೆಸರೇ ಅದು. ನಾರು ಅಂದರೆ ಜನರ ಮೈ ಜುಂ ಅನ್ನುವುದಿಲ್ಲ. ನೀವು ಅಡುಗೆಯವರು, ಒಗ್ಗರಣೆ ಯಾಕೆ ಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ.

ಅವ್ವನ ವಿಷಯದಲ್ಲಿ ನೀವು ಅಷ್ಟು ಹೆದರಿದ್ದು ಅನಗತ್ಯ. ಮುಂದಿನ ಸಾಲಿನಲ್ಲೇ ಕೂತಿದ್ದಳು. ಭಾವುಕಳಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕ್ಯಾಮೆರಾದವರು ಅದನ್ನು ಬಹಳ ಚೆನ್ನಾಗಿ ಹಿಡಿದಿದ್ದಾರೆ. ಬೀದರಿಗೆ ಬಂದ ಮೇಲೆ ಸ್ವಲ್ಪ ಮಂಕಾದಳು. ಅನ್ನ ಕಂಡರೆ ಓಕರಿಕೆ ಅಂದಳು, ಗ್ಯಾಸ್ಟ್ರಿಕ್ ಇರಬೇಕು. ಊರಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ನಾಲ್ಕು ದಿನದ ಕೆಳಗೆ ಕಾರು ಮಾಡಿ ಕಳಿಸಿದ್ದೇನೆ. ಬದಲಾವಣೆ ಆದರೆ ಸರಿ ಹೋಗುತ್ತಾಳೆ.

ಮಾರ್ಚ್ ಕೊನೆಯಲ್ಲಿ ಶಿರಾದಲ್ಲಿ ಇನ್ನೊಂದು ಕಾರ್ಯಕ್ರಮವಿದೆ. ಅವ್ವನೂ ನೀವೂ ಒಟ್ಟಿಗೆ ವೇದಿಕೆಯಲ್ಲಿದ್ದರೆ ಅದರ ತೂಕವೇ ಬೇರೆ. ಅವಳಿಗೆ ಹೇಳಿ ಒಪ್ಪಿಸಿ.

ನಿಮ್ಮ ಅಂಜನ್


ಚನ್ನರಾಯನದುರ್ಗ
22-3-2025, ಶನಿವಾರ

ಅಂಜನ್,

ನಿನ್ನ ಕಾಗದ ಬಂದು ಮೂರು ವಾರದ ಮೇಲಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕೆಟ್ಟ ಮಾತೇ ಬರುತ್ತಿತ್ತು. ಇವತ್ತು ನಿಮ್ಮವ್ವ ಬರೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ. ಅನುಷಾ ಮಧುಗಿರಿಯಿಂದ ಬಂದವಳೇ ಅಡುಗೆಮನೆಗೆ ಹೋಗಿ ತಟ್ಟೆ ಹಾಕಿಕೊಂಡು ಕೂತಳು. "ಬಡಿಸು ತಾತ" ಅಂದಳು. ಬಡಿಸಿದೆ. ಎರಡು ಮುದ್ದೆ ಉಂಡಳು, ಉಣ್ಣುತ್ತಾ ಅತ್ತಳು. ಎರಡೂವರೆ ತಿಂಗಳು ನಾನು ಕಾದದ್ದು ಅದಕ್ಕೇ. ಆದರೆ ಅವಳು ಬಾಯಿ ಬಿಟ್ಟು, "ಸಣ್ಣಜ್ಜಿ ಮುಂದೇನೇ ಕೂತಿದ್ರು ತಾತ, ಎಲ್ಲಾ ಕೇಳಿಸ್ಕೊಂಡ್ರು" ಅಂದಾಗ, ಸೌಟು ಕೆಳಗಿಟ್ಟು ಎದ್ದೆ. ಆ ರಾತ್ರಿ ನಾನು ಉಣ್ಣಲಿಲ್ಲ.

ನಿಮ್ಮವ್ವ ಕಾರಿನಿಂದ ಇಳಿದು ತನ್ನ ಮನೆಯ ಬೀಗ ತೆಗೆಯುವ ಮೊದಲು ನನ್ನ ಜಗಲಿಗೆ ಬಂದಳು. ನೀರು ಕೊಟ್ಟರೆ ಮುಟ್ಟಲಿಲ್ಲ. ನಿಂತೇ ಕೇಳಿದಳು.

"ಬೈಲಪ್ಪಣ್ಣ, ಹುಣಸೆ ಬಿಡಿಸಿದ್ದು ದಿಟ ತಾನೆ?"

"ದಿಟ ಕಣಮ್ಮ. ನೀನು ಬಿಡಿಸಿದ ಹುಣಸೇಲೇ ಮೂರು ವರ್ಷ ಸಾರು ಕಾಸಿದ್ದು."

"ಕೂಲಿ ದಿಟ ಅಲ್ವಾ?"

ನಾನು ತಲೆ ತಗ್ಗಿಸಿದೆ. ಮತ್ತೊಂದು ಸುಳ್ಳು ಹೇಳೋಣವೆಂದರೆ ನೀನು ಹನ್ನೊಂದು ಲಕ್ಷ ಜನರ ಮುಂದೆ ನನ್ನ ಬಾಯಿ ಹೊಲಿದಿದ್ದೆ. ಅವಳು, "ಮಕ್ಕಳ ಹೊಟ್ಟೆ ಮೇಲೆ ಹೊಡ್ದು ತಿಂದ್ಬುಟ್ನಲ್ಲಣ್ಣ. ಅಷ್ಟೊಂದು ಮಕ್ಕಳು. ನನ್ ಮಗನೂ ಅದ್ರಲ್ಲಿದ್ನಲ್ಲ" ಅಂದಳು. ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು.

ಅವತ್ತಿನಿಂದ ಅವಳು ಅನ್ನ ಮುಟ್ಟಿಲ್ಲ. ಗ್ಯಾಸ್ಟ್ರಿಕ್ ಅಲ್ಲ ಕಣಯ್ಯಾ. ಅನುಷಾ ದಿನಾ ಒಂದು ಮುದ್ದೆ ಒಯ್ದು ಕೊಡುತ್ತಾಳೆ, ಅದೂ ಅವಳು ಸುಮ್ಮನೆ ಇಸಿದುಕೊಳ್ಳುವುದಿಲ್ಲ, ಪಾತ್ರೆ ತೊಳೆದುಕೊಟ್ಟು ಉಣ್ಣುತ್ತಾಳೆ. ಈಗ ಹುಣಸೆಯ ಕಾಲ. ಕಾಲೊನಿಯ ಹೆಂಗಸರೆಲ್ಲ ಮಂಡಿಯವರ ಹುಣಸೆ ತಂದು ಕೂಲಿಗೆ ಬಿಡಿಸುತ್ತಾರೆ. ಆಫೀಸರ್ ತಾಯಿ ಅವರ ನಡುವೆ ಕೂತು ಕುಟ್ಟುತ್ತಾಳೆ. ಬಂದ ಕೂಲಿಯಲ್ಲಿ ಹುಣಸೆಹಣ್ಣನ್ನೇ ಕೊಳ್ಳುತ್ತಾಳೆ. ಅದನ್ನು ಶನಿವಾರ ಶನಿವಾರ ತಲೆಯ ಮೇಲೆ ಹೊತ್ತು ಬೋರನಪಾಳ್ಯದ ಹಾಸ್ಟೆಲಿಗೆ ಹೋಗಿ, ಹಿಂದಿನ ಬಾಗಿಲಲ್ಲಿ ಇಟ್ಟು ಬರುತ್ತಾಳೆ. ಈಗಿನ ಅಡುಗೆಯವಳು ಮೊದಲ ವಾರ, "ಏನಜ್ಜಿ ಇದು, ಯಾರ್ ಕಳ್ಸಿದ್ದು?" ಅಂತ ಕೇಳಿದಳು. "ಬಾಕಿ ಇತ್ತು ಕಣವ್ವ" ಅಂದು ತಿರುಗಿ ನೋಡದೆ ಬಂದಳು. ಇವತ್ತಿನದು ನಾಲ್ಕನೆಯ ಬುಟ್ಟಿ. ನನ್ನನ್ನು ಹೊರಲು ಬಿಡುವುದಿಲ್ಲ, ಹಿಂದೆ ಹಿಂದೆ ನಡೆದು ಹೋಗುತ್ತೇನೆ.

ಮೊನ್ನೆ ಇಬ್ಬರು ಕ್ಯಾಮೆರಾ ಹಿಡಿದು ಬಂದಿದ್ದರು, ನೀನೇ ಕಳಿಸಿದ್ದಂತೆ. ಅವಳು ಬಾಗಿಲು ಹಾಕಿಕೊಂಡಳು. ಅನುಷಾ ಅವರನ್ನು ಬಸ್‌ಸ್ಟಾಂಡಿನವರೆಗೆ ಬೈದು ಕಳಿಸಿಬಂದಳು. ಬಂದು ನಿನ್ನ ಸೀಟಿನ ಕಾಗದ ಹರಿದಳು. ಶಾಲು ಇದರ ಜೊತೆ ಪಾರ್ಸೆಲ್ಲಿನಲ್ಲಿದೆ, ಮಡಿಕೆ ಬಿಚ್ಚಿಲ್ಲ.

ನನಗೆ ನಿನ್ನ ಮೇಲೆ ಹೇಸಿಗೆಯಾಗಿದೆ. ನಿನ್ನನ್ನು ನಂಬಿ ಬರೆದ ನನ್ನ ಕೈಯ ಮೇಲೂ ಆಗಿದೆ. ಮೊಮ್ಮಗಳು ಒಂದು ತುತ್ತು ಉಣ್ಣಲಿ ಅಂತ ನಾನು ಒಬ್ಬ ಹೆಂಗಸಿನ ತಟ್ಟೆ ಕಿತ್ತುಕೊಂಡ ಹಾಗಾಯಿತು. ಅದನ್ನು ಮಾಡಿದವರು ನಾವಿಬ್ಬರೂ.

ಇಷ್ಟು ನನ್ನ ಮಾತು. ಇನ್ನು ನಿಮ್ಮವ್ವ ಹೇಳಿದ್ದು. ಇವತ್ತು ಹಾಸ್ಟೆಲಿನಿಂದ ಬರುವಾಗ ಕೆರೆ ಏರಿಯ ಮೇಲೆ ಕೂತಳು. ಶಿರಾಕ್ಕೆ ಬರುವ ವಿಷಯ ನಾನು ಎತ್ತಲಿಲ್ಲ. ಅವಳೇ ತನ್ನ ಬೆರಳು ನೋಡಿಕೊಳ್ಳುತ್ತಾ ಮಾತು ತೆಗೆದಳು. ಹುಣಸೆಯ ಹುಳಿಗೆ ತುದಿಗಳೆಲ್ಲ ಬಿರಿದಿವೆ.

"ಬೈಲಪ್ಪಣ್ಣ, ಅಂಜನ ಯಾವಾಗ್ಲೂ ಹುಳ ಹುಳ ಅಂತಾನಲ್ಲ. ಪರೀಕ್ಷೆಗೆ ಒಂದ್ ತಿಂಗ್ಳಿದ್ದಾಗ ಅಂತಾನೆ. ಆ ವಾರ ನನ್ ಕೈ ಇಂಗೇ ಸೀಳ್ಬುಟ್ಟಿತ್ತು, ಸರ್ಯಾಗಿ ಬಿಡಿಸಕ್ಕಾಗ್ಲಿಲ್ಲ. ಅದು ಹುಳ ಅಲ್ಲ, ನಾರಿರ್ಬೇಕು ಕಣಣ್ಣ. ನೀನು ಕಾಗ್ದ ಬರೀತೀಯಲ್ಲ, ಅವ್ನಿಗೆ ಬರಿ. ಮಗು ಉಣ್ಣಕ್ಕಾಗ್ದೆ ವಾಂತಿ ಮಾಡ್ಕೊಂಡ್ನಲ್ಲ. ಅವ್ವಂದು ತಪ್ಪಾಯ್ತಂತೆ ಅಂತ ಬರಿ."

ಬರೆದಿದ್ದೇನೆ.

ಬೈಲಪ್ಪ